ಲೇಬಲ್ ಯಾರದ್ದೋ, ಹೊಣೆಯೂ ಅವರದ್ದೇ

ನಮ್ಮ ಮನೆಯ ಕಪಾಟಿನಲ್ಲಿ ಉಮ್ಮನ ಬೀಡಿ ಪಾಸ್‌ಬುಕ್ ಈಗಲೂ ಇದೆ. ಉಮ್ಮ ತೀರಿಹೋಗಿ ಆರು ವರ್ಷವಾಯಿತು, ಅದನ್ನು ಬಿಸಾಡಲು ಮನಸ್ಸು ಬಂದಿಲ್ಲ. ಮೇಲೆ ಕಂಪನಿಯ ಹೆಸರು. ಒಳಗೆ ದಿನದಿನದ ಲೆಕ್ಕ: ಇಷ್ಟು ಎಲೆ, ಇಷ್ಟು ಹೊಗೆಸೊಪ್ಪು, ಇಷ್ಟು ಬೀಡಿ. ಉಮ್ಮನಿಗೆ ಓದಲು ಬರುತ್ತಿರಲಿಲ್ಲ. ಆದರೆ ಕರೆಂಟ್ ಹೋದ ರಾತ್ರಿಯಲ್ಲೂ ಆ ಪುಸ್ತಕವನ್ನು ಕೈಯಾಡಿಸಿ ತೆಗೆದುಕೊಡುತ್ತಿದ್ದರು. "ಚಿನ್ನ ಹೋದರೆ ಹೋಗಲಿ ಮೋನೇ, ಇದು ಹೋಗಬಾರದು" ಎನ್ನುತ್ತಿದ್ದರು.

ಯಾಕೆ ಅಷ್ಟು ಜೋಪಾನ ಎಂದು ನನಗೆ ಸರಿಯಾಗಿ ಗೊತ್ತಾದದ್ದು ನಮ್ಮೂರಿನಲ್ಲಲ್ಲ. ತಮಿಳುನಾಡಿನ ನೆಗಮಂನಲ್ಲಿ.

ನನ್ನದು ಬಿ.ಸಿ. ರೋಡಿನ ಹತ್ತಿರ ಒಂದು ಸಣ್ಣ ರೆಡಿಮೇಡ್ ಅಂಗಡಿ. ಪೆರ್ನಾಲ್‌ಗೆ ಮೊದಲು ತಿರುಪುರಕ್ಕೆ ಹೋಗಿ ಮಾಲು ತರುವುದು ಇಪ್ಪತ್ತು ವರ್ಷದಿಂದ ನಡೆದು ಬಂದಿದೆ. ನಮ್ಮವರಲ್ಲಿ ಬಟ್ಟೆ ವ್ಯಾಪಾರ ಮಾಡುವವರಿಗೆ ಈ ದಾರಿ ಹೊಸದಲ್ಲ. ರೈಲು ಇಳಿದು ಖಾದರ್‌ಪೇಟೆಗೆ ಹೋದರೆ ಎಕ್ಸ್‌ಪೋರ್ಟ್ ಸರ್‌ಪ್ಲಸ್ ಎಂಬ ಹೆಸರಿನಲ್ಲಿ ದೊಡ್ಡ ದೊಡ್ಡ ಕಂಪನಿಗಳ ಲೇಬಲ್ ಇರುವ, ಲೇಬಲ್ ಕತ್ತರಿಸಿದ ಟೀ ಶರ್ಟುಗಳು ರಾಶಿ ಬಿದ್ದಿರುತ್ತವೆ. ಕಳೆದ ಸಲ ಮಾಲನ್ನು ಲಾರಿಗೆ ಹಾಕಿಸಿ, ಪಲ್ಲಡಂನಿಂದ ಪೊಳ್ಳಾಚಿಗೆ ಹೋಗುವ ಬಸ್ಸು ಹಿಡಿದೆ. ಆ ದಾರಿಯಲ್ಲಿ ನೆಗಮಂ ಸಿಗುತ್ತದೆ. ಸುತ್ತ ತೆಂಗಿನ ತೋಟ, ನಡುವೆ ಮಗ್ಗದ ಮನೆಗಳು. ನಮ್ಮ ಅಂಗಡಿಗೆ ಬರುವ ಟೀಚರುಗಳು ನೆಗಮಂ ಕಾಟನ್ ಸೀರೆ ಕೇಳುತ್ತಾರೆ, ನಾಲ್ಕು ತೆಗೆದುಕೊಂಡು ಹೋಗೋಣ ಎಂದು ಇಳಿದೆ.

ಅಲ್ಲಿ ನೇಯುವವರಲ್ಲಿ ಮನೆಯೊಳಗೆ ಕನ್ನಡ ಮಾತಾಡುವ ದೇವಾಂಗ ಕುಟುಂಬಗಳಿವೆ. ತಮಿಳು ಬೆರೆತ ಹಳೆಯ ಕನ್ನಡ. ಶಾಲೆಯಲ್ಲಿ ಕಲಿಸದ, ಮನೆಯ ಹೆಂಗಸರ ಬಾಯಲ್ಲಿ ಉಳಿದುಕೊಂಡ ಮಾತು, ನಮ್ಮ ಬ್ಯಾರಿ ಬಾಸೆಯ ಹಾಗೆಯೇ. ನಾನು ಕನ್ನಡದಲ್ಲಿ ಬೆಲೆ ಕೇಳಿದ್ದಕ್ಕೆ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದ ಅಜ್ಜ ಕೆಲಸ ನಿಲ್ಲಿಸಿ, ಒಳಗೆ ಕರೆದು ಚಹಾ ಕೊಡಿಸಿದರು. ಚಹಾ ತಂದಿಟ್ಟದ್ದು ಅವರ ಸೊಸೆ. ಬಲಗೈಯ ಹೆಬ್ಬೆರಳಿಗೆ ದಪ್ಪ ಬಟ್ಟೆ ಸುತ್ತಿತ್ತು.

ಮಗ್ಗದಲ್ಲಿ ಈಗ ಎರಡು ಹೊಟ್ಟೆಯೂ ತುಂಬುವುದಿಲ್ಲ. ಹಾಗಾಗಿ ಸೊಸೆ ಬೆಳಗಿನ ಜಾವದ ವ್ಯಾನಿನಲ್ಲಿ ತಿರುಪುರದ ಕಡೆಯ ಒಂದು ಬನಿಯನ್ ಕಂಪನಿಗೆ ಹೋಗುತ್ತಿದ್ದಳು. ಅವಳ ಕೆಲಸ ಲೇಬಲ್ ಹೊಲಿಯುವುದು. ಟೀ ಶರ್ಟಿನ ಕುತ್ತಿಗೆಯ ಹಿಂದೆ ಇರುತ್ತದಲ್ಲ, ಆ ಲೇಬಲ್. ಬೆರಳು ಸೂಜಿಯ ಕೆಳಗೆ ಹೋಗದ ಹಾಗೆ ಮೆಷಿನ್ನಿನಲ್ಲಿ ಒಂದು ಸಣ್ಣ ಕಂಬಿ ಇರಬೇಕು. ಅದು ಇದ್ದರೆ ಕೈ ನಿಧಾನ ಆಗುತ್ತದೆ ಎಂದು ಬಿಚ್ಚಿಟ್ಟಿದ್ದರು. ಶಿಪ್‌ಮೆಂಟಿನ ವಾರ, ರಾತ್ರಿ ಹನ್ನೊಂದು ಗಂಟೆ. ಸೂಜಿ ಉಗುರನ್ನು ದಾಟಿ ಎಲುಬಿಗೆ ಹೋಗಿ ಮುರಿಯಿತು. ಮುಲಾಮು ಹಚ್ಚಿ ಮನೆಗೆ ಕಳಿಸಿದರು. ಬೆರಳು ಕೀವು ತುಂಬಿ ಎರಡು ತಿಂಗಳು ಕೆಲಸ ಹೋಯಿತು.

ಇಎಸ್‌ಐ ಕಾರ್ಡು ಇದೆಯಾ ಎಂದು ಕೇಳಿದೆ. ಇಲ್ಲ. ಸಂಬಳದ ಚೀಟಿ? ಇಲ್ಲ. ಕೆಲಸಕ್ಕೆ ಸೇರಿಸಿದ ಕಾಂಟ್ರಾಕ್ಟರ್ ಫೋನ್ ತೆಗೆಯುವುದಿಲ್ಲ. ಕಂಪನಿಯ ಗೇಟಿನಲ್ಲಿ ಕೇಳಿದರೆ ಈ ಹೆಸರು ನಮ್ಮ ಪುಸ್ತಕದಲ್ಲಿಲ್ಲ ಎನ್ನುತ್ತಾರೆ. ಹಾಗಾದರೆ ನೀನು ಅಲ್ಲಿ ಕೆಲಸ ಮಾಡಿದ್ದಕ್ಕೆ ಸಾಕ್ಷಿ ಏನಮ್ಮಾ ಎಂದೆ.

ಅವಳು ಒಳಗೆ ಹೋಗಿ ಒಂದು ಲಕೋಟೆ ತಂದಳು. ಅದರೊಳಗೆ ಹೊಲಿಯದೆ ಉಳಿದ ಒಂದು ಲೇಬಲ್. ನಾನು ಹೆಸರು ಓದಿದೆ. ಇಲ್ಲಿ ಬರೆಯುವುದಿಲ್ಲ. ಪರದೇಶದ ಕಂಪನಿ. ನಮ್ಮ ಮಕ್ಕಳು ಪೆರ್ನಾಲ್‌ಗೆ ಅದೇ ಬೇಕು ಎಂದು ಹಟ ಹಿಡಿಯುವಂಥ ಹೆಸರು.

"ಈ ಪೇರು ನಾನು ದಿನಕ್ಕೆ ಸಾವಿರ ಸಲ ಹೊಲಿದಿವ್ನಿ. ಅವ್ರಿಗೆ ನನ್ ಪೇರು ತಿಳೀದು" ಎಂದಳು.

ಆಗ ನೆನಪಾದದ್ದು ಉಮ್ಮನ ಪಾಸ್‌ಬುಕ್.

ಇಲ್ಲಿಂದ ಮುಂದೆ ನಾನು ಹೇಳುವುದು ಸಿಟ್ಟಿನ ಮಾತು. ಆದರೆ ಲೆಕ್ಕ ಇಟ್ಟು ಹೇಳುತ್ತೇನೆ. ನಮ್ಮ ಮನೆಗಳಿಗೆ ಈ ಲೆಕ್ಕ ಅರ್ಥವಾಗದೆ ಇರಲು ಸಾಧ್ಯವಿಲ್ಲ, ಯಾಕೆಂದರೆ ಇದು ನಮ್ಮ ಉಮ್ಮಂದಿರದ್ದೇ ಲೆಕ್ಕ.

ಬೀಡಿ ಎಂದರೆ ಏನು? ಹೆಸರು ಮಂಗಳೂರಿನ ಧಣಿಯದ್ದು. ಎಲೆ, ಹೊಗೆಸೊಪ್ಪು ಕೊಡುವುದು ಊರಿನ ಬ್ರಾಂಚಿನ ಕಾಂಟ್ರಾಕ್ಟರ್. ಕಟ್ಟುವುದು ಮನೆಯ ಜಗಲಿಯಲ್ಲಿ ತಡಪೆ ಹಿಡಿದು ಕೂತ ಹೆಂಗಸು. ಧಣಿ ಅವಳನ್ನು ನೋಡಿಲ್ಲ, ಅವಳು ಧಣಿಯನ್ನು ನೋಡಿಲ್ಲ. ಕೆಮ್ಮು ಬಂದರೆ, ಬೆನ್ನು ಬಾಗಿದರೆ ಯಾರನ್ನು ಕೇಳಬೇಕು? ಕಾಂಟ್ರಾಕ್ಟರ್ ಹೇಳುತ್ತಾನೆ, ನಾನೂ ಕೂಲಿಯವನೇ. ಧಣಿ ಹೇಳುತ್ತಾನೆ, ಅವಳು ನನ್ನ ಕೆಲಸದವಳಲ್ಲ. ಇವತ್ತು ತಿರುಪುರದ ವಿಷಯದಲ್ಲಿ ಬಹುರಾಷ್ಟ್ರೀಯ ಕಂಪನಿಗಳು ಇಂಗ್ಲಿಷಿನಲ್ಲಿ ಹೇಳುವುದು ಇದೇ ಮಾತು. ಅವರದ್ದು ನಾಲ್ಕು ಬಣ್ಣದ ಪುಸ್ತಕದಲ್ಲಿರುತ್ತದೆ, ಅಷ್ಟೇ ವ್ಯತ್ಯಾಸ.

ಈ ಮಾತನ್ನು ನಮ್ಮ ದೇಶದ ಕಾನೂನು ಒಪ್ಪಲಿಲ್ಲ. 1966ರಲ್ಲಿ ಪಾರ್ಲಿಮೆಂಟು ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮಾಡಿತು. ಕೆಲಸದ ಜಾಗದ ಗಾಳಿ, ಬೆಳಕು, ಶುಚಿ, ಕೆಲಸದ ಹೊತ್ತು, ರಜೆ ಎಲ್ಲ ಅದರಲ್ಲಿತ್ತು. ಎಲ್ಲಕ್ಕಿಂತ ದೊಡ್ಡದು, ಅದರಲ್ಲಿ 'ಮುಖ್ಯ ಮಾಲೀಕ' ಎಂಬ ಮಾತಿತ್ತು. ಕಾಂಟ್ರಾಕ್ಟರನ ಮೂಲಕ ಕೆಲಸ ಮಾಡಿಸಿದರೂ ಯಾರಿಗಾಗಿ ಬೀಡಿ ಕಟ್ಟುತ್ತಾರೋ ಅವರೇ ಹೊಣೆ. ಮನೆಯಲ್ಲಿ ಕೂತು ಕಟ್ಟುವವಳೂ ಕಾರ್ಮಿಕಳೇ. ಬೀಡಿ ಕಂಪನಿಗಳು ಇದನ್ನು ಪ್ರಶ್ನಿಸಿ ಕೋರ್ಟಿಗೆ ಹೋದವು. 1974ರಲ್ಲಿ ಸುಪ್ರೀಂ ಕೋರ್ಟು ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ ಕಾಯ್ದೆಯನ್ನು ಎತ್ತಿ ಹಿಡಿಯಿತು. ತಯಾರಕ ಅಥವಾ ಟ್ರೇಡ್‌ಮಾರ್ಕಿನ ಒಡೆಯ ಕಾಂಟ್ರಾಕ್ಟರನ ಮೂಲಕ ಕೆಲಸ ಮಾಡಿಸಿದರೂ ಮುಖ್ಯ ಮಾಲೀಕ ಅವನೇ ಎಂದಿತು. 1985ರಲ್ಲಿ ಇನ್ನೊಂದು ಪ್ರಕರಣದಲ್ಲಿ, ಮನೆಯಲ್ಲಿ ಬೀಡಿ ಕಟ್ಟುವವರಿಗೂ ಪಿಎಫ್ ಸಲ್ಲಬೇಕು ಎಂದು ಅದೇ ಕೋರ್ಟು ಹೇಳಿತು.

ಮತ್ತೊಮ್ಮೆ ಓದಿ. ಟ್ರೇಡ್‌ಮಾರ್ಕಿನ ಒಡೆಯ. ಅಂದರೆ ಲೇಬಲ್ ಯಾರದ್ದೋ ಅವರು.

ಉಮ್ಮನ ಕೊನೆಗಾಲದಲ್ಲಿ ಬರುತ್ತಿದ್ದ ಸಾವಿರ ರೂಪಾಯಿ ಚಿಲ್ಲರೆ ಪಿಂಚಣಿ ಈ ಮಾತಿನಿಂದ ಬಂದದ್ದು. ಬೀಡಿಯಲ್ಲಿ ನ್ಯಾಯ ಇತ್ತು ಎಂದು ನಾನು ಹೇಳುತ್ತಿಲ್ಲ. ಒಂದು ಪಾಸ್‌ಬುಕ್ಕಿನಲ್ಲಿ ಮೂವರು ಕಟ್ಟಿದ ಮನೆಗಳು ಎಷ್ಟೋ ಇವೆ. ಬ್ರಾಂಚಿನಲ್ಲಿ ಸರಿಯಿಲ್ಲ ಎಂದು ಬೀಡಿ ಮುರಿದು ಹಾಕಿ, ಸಂಜೆಗೆ ಸಾವಿರದಲ್ಲಿ ನೂರು ಕಡಿಮೆ ಬರೆದದ್ದು ಎಷ್ಟೋ ಸಲ. ಕ್ಷಯ ಬಂದು ಸತ್ತವರನ್ನು ನಾವು ಹೂತಿದ್ದೇವೆ. ಆದರೆ ಹಿಡಿದುಕೊಳ್ಳಲು ಒಂದು ಹಿಡಿ ಇತ್ತು. ಓದಲು ಬಾರದ ಹೆಂಗಸು ಪಿಎಫ್ ಆಫೀಸಿನ ಮೇಜಿನ ಮೇಲೆ ಪುಸ್ತಕ ಇಟ್ಟು, "ಇದರಲ್ಲಿ ಬರೆದಿರುವ ಹೆಸರಿನವರು ಕೊಡಬೇಕು" ಎನ್ನಬಹುದಿತ್ತು. ನೆಗಮಂನ ಆ ಹುಡುಗಿಯ ಕೈಯಲ್ಲಿ ಲೇಬಲ್ ಇದೆ. ಅದನ್ನು ಇಡಲು ಯಾವ ಮೇಜೂ ಇಲ್ಲ.

ಬೀಡಿಗೆ ಸಾಧ್ಯವಾದದ್ದು ಬನಿಯನ್ನಿಗೆ ಯಾಕೆ ಸಾಧ್ಯವಿಲ್ಲ? ಇದು ನನ್ನ ಒಂದೇ ಪ್ರಶ್ನೆ. ಇದಕ್ಕೆ ಬರುವ ಉತ್ತರಗಳನ್ನು ನಾನು ಅಂಗಡಿಯಲ್ಲಿ ಕೂತು, ಮದುವೆ ಮನೆಯಲ್ಲಿ ಕೂತು ಕೇಳಿದ್ದೇನೆ. ಒಂದೊಂದಾಗಿ ನೋಡೋಣ.

ಮೊದಲ ಉತ್ತರ: ತಪ್ಪು ಲೋಕಲ್ ಫ್ಯಾಕ್ಟರಿಯವನದ್ದು, ಪರದೇಶದ ಕಂಪನಿ ಏನು ಮಾಡೀತು?

ಫ್ಯಾಕ್ಟರಿಯವನು ಸಂತನಲ್ಲ, ಒಪ್ಪುತ್ತೇನೆ. ಆದರೆ ವ್ಯಾಪಾರ ಮಾಡಿದವರಿಗೆ ಒಂದು ಗೊತ್ತಿದೆ. ಬೆಲೆ ಕಟ್ಟುವವನೇ ಕೆಲಸದ ರೀತಿಯನ್ನೂ ಕಟ್ಟುತ್ತಾನೆ. ಪೀಸಿಗೆ ಇಷ್ಟೇ ಎನ್ನುವವನು, ಇಂಥ ತಾರೀಕಿಗೆ ಹಡಗು ಹತ್ತಬೇಕು ಎನ್ನುವವನು, ತಡವಾದರೆ ದಂಡ ಹಿಡಿಯುವವನು ಕಂಪನಿ. ಆ ಬೆಲೆಯಲ್ಲಿ ಸೂಜಿಯ ಕಂಬಿಗೆ, ಎರಡನೇ ಬಾಗಿಲಿಗೆ, ಇಎಸ್‌ಐ ಹಣಕ್ಕೆ ಜಾಗ ಇಲ್ಲದಿದ್ದರೆ ಫ್ಯಾಕ್ಟರಿಯವನು ಕೆಲಸವನ್ನು ಹೊರಗೆ ಜಾಬ್ ವರ್ಕಿಗೆ ಕೊಡುತ್ತಾನೆ. ಜಾಬ್ ವರ್ಕಿನವನು ಯಾರದ್ದೋ ಗೋಡೌನಿನಲ್ಲಿ ಇಪ್ಪತ್ತು ಮೆಷಿನ್ ಹಾಕುತ್ತಾನೆ. ಅಂಥ ಗೋಡೌನಿನ ಒಳಗೆ ನಾನೇ ನಿಂತಿದ್ದೇನೆ. ಒಂದೇ ಬಾಗಿಲು, ಅದಕ್ಕೆ ಅಡ್ಡ ಬಟ್ಟೆಯ ಬೇಲು. ಮೇಲೆ ತಗಡು, ಬದಿಯಲ್ಲಿ ಇಸ್ತ್ರಿ ಮೇಜಿನ ಹಬೆ. ಬೆಂಕಿ ಬಿದ್ದರೆ ಯಾರು ಹೇಗೆ ಹೊರಗೆ ಬರುತ್ತಾರೆ ಎಂದು ಆ ದಿನ ನನಗೆ ಯೋಚನೆ ಬರಲಿಲ್ಲ. ನನಗೆ ಬಂದ ಯೋಚನೆ ಪೀಸಿಗೆ ಇನ್ನೆರಡು ರೂಪಾಯಿ ಇಳಿಸಬಹುದೇ ಎಂದು. ಇಳಿಸಿದೆ ಕೂಡ. ಆ ಎರಡು ರೂಪಾಯಿ ಯಾರ ಜೇಬಿನಿಂದ ಬಂತು ಎಂದು ಈಗ ಗೊತ್ತಿದೆ.

ನನ್ನಂಥ ಸಣ್ಣ ಅಂಗಡಿಯವನು ಇಳಿಸಿದ ಎರಡು ರೂಪಾಯಿ ಇಷ್ಟು ಮಾಡುತ್ತದಾದರೆ, ಲಕ್ಷಗಟ್ಟಲೆ ಪೀಸಿನ ಆರ್ಡರ್ ಹಿಡಿದು ಕೂತ ಕಂಪನಿಯ ಬೆಲೆ ಎಷ್ಟು ಮಾಡುತ್ತದೆ ಲೆಕ್ಕ ಹಾಕಿ. 2025ರ ಮೇ ತಿಂಗಳಿನಲ್ಲಿ ಪಲ್ಲಡಂ ಹತ್ತಿರದ ಕರೈಪುದೂರಿನ ಡೈಯಿಂಗ್ ಕಾರ್ಖಾನೆಯೊಂದರಲ್ಲಿ ಟ್ಯಾಂಕ್ ಸ್ವಚ್ಛ ಮಾಡಲು ಇಳಿದವರಲ್ಲಿ ಮೂವರು ವಿಷಗಾಳಿಯಿಂದ ಸತ್ತರು. ನಾನು ನೆಗಮಂಗೆ ಬಸ್ಸು ಹತ್ತಿದ್ದು ಅದೇ ಪಲ್ಲಡಂನಲ್ಲಿ. ಇಂಥ ಸುದ್ದಿಯಲ್ಲಿ ಸತ್ತವರ ಜಾತಿ ಬರುತ್ತದೆ, ಕಾರ್ಖಾನೆಯ ಹೆಸರು ಬರುತ್ತದೆ. ಅಲ್ಲಿ ಬಣ್ಣ ಹಾಕಿದ ಬಟ್ಟೆ ಯಾವ ಲೇಬಲಿನ ಕೆಳಗೆ ಹೋಗುತ್ತದೆ ಎಂಬ ಪ್ರಶ್ನೆ ಬರುವುದಿಲ್ಲ.

ಎರಡನೇ ಉತ್ತರ: ಈಗ ಎಲ್ಲ ಕಡೆ ಆಡಿಟ್ ಆಗುತ್ತದಲ್ಲ?

ಆಗುತ್ತದೆ. 2012ರ ಸೆಪ್ಟೆಂಬರ್ 11ರಂದು ಕರಾಚಿಯ ಅಲಿ ಎಂಟರ್‌ಪ್ರೈಸಸ್ ಎಂಬ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿತ್ತು. 250ಕ್ಕೂ ಹೆಚ್ಚು ಜನ ಸತ್ತರು. ಕಿಟಕಿಗೆ ಸರಳು, ಬಾಗಿಲಿಗೆ ಬೀಗ. ಅದಕ್ಕೆ ಕೆಲವೇ ವಾರ ಮೊದಲು ಆ ಕಾರ್ಖಾನೆಗೆ ಒಳ್ಳೆಯ ಕಾರ್ಖಾನೆ ಎಂಬ ಅಂತರರಾಷ್ಟ್ರೀಯ ಸರ್ಟಿಫಿಕೇಟು ಸಿಕ್ಕಿತ್ತು. ಏಳು ತಿಂಗಳ ನಂತರ, 2013ರ ಏಪ್ರಿಲ್ 24ರಂದು ಢಾಕಾ ಹತ್ತಿರದ ಸಾವರ್‌ನಲ್ಲಿ ರಾಣಾ ಪ್ಲಾಜಾ ಕುಸಿಯಿತು. 1,100ಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಹೆಂಗಸರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಕೆಳಗಿನ ಮಹಡಿಯ ಬ್ಯಾಂಕಿನವರು ತಮ್ಮ ನೌಕರರನ್ನು ಮನೆಗೆ ಕಳಿಸಿದರು. ಮೇಲಿನ ಮಹಡಿಗಳ ಹೊಲಿಗೆ ಕೆಲಸದವರನ್ನು ಮರುದಿನ ಬೆದರಿಸಿ ಒಳಗೆ ಕಳಿಸಿದರು, ಆರ್ಡರ್ ಮುಗಿಸಬೇಕಿತ್ತು. ಆ ಕಟ್ಟಡದೊಳಗಿನ ಕಾರ್ಖಾನೆಗಳಲ್ಲೂ ಆಡಿಟ್ ಆಗಿತ್ತು.

ಆಡಿಟ್ ಮಾಡುವವನಿಗೆ ಹಣ ಕೊಡುವುದು ಕಂಪನಿ ಅಥವಾ ಫ್ಯಾಕ್ಟರಿ. ಬರುವ ದಿನ ಗೊತ್ತಿರುತ್ತದೆ. ಆ ದಿನ ಬೇಲು ಸರಿಸುತ್ತಾರೆ, ಕಂಬಿ ಹಾಕುತ್ತಾರೆ, ಹೊಸ ಚಪ್ಪಲಿ ಕೊಡುತ್ತಾರೆ, ಪುಸ್ತಕದಲ್ಲಿ ಹೆಸರಿಲ್ಲದವರಿಗೆ ರಜೆ ಕೊಡುತ್ತಾರೆ. ನಮ್ಮ ಮದ್ರಸಕ್ಕೆ ಇನ್‌ಸ್ಪೆಕ್ಟರ್ ಬರುವ ದಿನ ಹೇಗಿರುತ್ತಿತ್ತು ನೆನಪಿಸಿಕೊಳ್ಳಿ. ಸಹಿ ಹಾಕಿದ ಕಾಗದ ಕಂಪನಿಯ ರಕ್ಷಣೆಗೆ ಆಗುತ್ತದೆ, ಕೆಲಸದವಳ ರಕ್ಷಣೆಗೆ ಆಗುವುದಿಲ್ಲ. ಏನಾದರೂ ಆದರೆ, ನಾವು ಪರೀಕ್ಷಿಸಿದ್ದೆವು, ನಮಗೆ ಮೋಸ ಆಯಿತು ಎನ್ನಲು ಅದು ಬೇಕು.

ಮೂರನೇ ಉತ್ತರ ಎಲ್ಲಕ್ಕಿಂತ ಗಟ್ಟಿ: ಹೀಗೆಲ್ಲ ಹೊಣೆ ಹೊರಿಸಿದರೆ ಕಂಪನಿಗಳು ಆರ್ಡರನ್ನು ಬೇರೆ ದೇಶಕ್ಕೆ ಕೊಡುತ್ತವೆ, ಆ ಹುಡುಗಿಯ ಕೆಲಸವೂ ಹೋಗುತ್ತದೆ.

ಇದನ್ನು ನಾನು ಸುಳ್ಳು ಎನ್ನುವುದಿಲ್ಲ. ಇದು ನಮ್ಮ ಕಣ್ಣಮುಂದೆಯೇ ನಡೆದದ್ದು. ಬೀಡಿ ಕಾಯ್ದೆಯನ್ನು ಮೊದಲು ಸರಿಯಾಗಿ ಜಾರಿ ಮಾಡಲು ಹೊರಟದ್ದು ಕೇರಳ. 1968ರಲ್ಲಿ ಮಂಗಳೂರಿನ ದೊಡ್ಡ ಬೀಡಿ ಕಂಪನಿಗಳು ಕಣ್ಣೂರು ಕಡೆಯ ಕೆಲಸ ನಿಲ್ಲಿಸಿಬಿಟ್ಟವು. ಸುಮಾರು 12,000 ಕಾರ್ಮಿಕರು ಬೀದಿಗೆ ಬಿದ್ದರು. ಕೆಲಸ ಎಲ್ಲಿಗೆ ಬಂತು? ಕಾನೂನು ಇನ್ನೂ ಕಾಗದದಲ್ಲಷ್ಟೇ ಇದ್ದ ನಮ್ಮ ಕಡೆಗೆ. ನಮ್ಮ ಅಜ್ಜಿಯಂದಿರ ತಡಪೆಗೆ ಬಿದ್ದ ಎಲೆಯಲ್ಲಿ ಒಂದು ಪಾಲು ಕಣ್ಣೂರಿನವರ ಕೈಯಿಂದ ಕಿತ್ತದ್ದು. ಈ ಮಾತು ನಾವು ನಮ್ಮೊಳಗೆ ಹೇಳಿಕೊಂಡದ್ದು ಕಡಿಮೆ. ಕಣ್ಣೂರಿನವರು ಸುಮ್ಮನೆ ಕೂರಲಿಲ್ಲ. 1969ರಲ್ಲಿ ಕೇರಳ ದಿನೇಶ್ ಬೀಡಿ ಎಂಬ ಸಹಕಾರ ಸಂಘ ಕಟ್ಟಿ, ತಾವೇ ಲೇಬಲಿನ ಒಡೆಯರಾದರು.

ಈ ಕಥೆಯ ಪಾಠ ಏನು? ಕಾನೂನು ಮಾಡಬೇಡಿ ಎಂದಲ್ಲ. ಕಾನೂನು ಒಂದು ಊರಿಗೆ ಮಾತ್ರ ಅಂಟಿಕೊಂಡರೆ ಧಣಿ ಪಕ್ಕದ ಊರಿಗೆ ಹಾರುತ್ತಾನೆ. ಕಾನೂನು ಧಣಿಗೇ ಅಂಟಿಕೊಂಡರೆ ಅವನು ಎಲ್ಲಿಗೆ ಹಾರಿದರೂ ಅದು ಜೊತೆಗೆ ಹೋಗುತ್ತದೆ. ತಮಿಳುನಾಡು ಮಾತ್ರ ಬಿಗಿ ಮಾಡಿದರೆ ಆರ್ಡರ್ ಬೇರೆ ರಾಜ್ಯಕ್ಕೆ, ಭಾರತ ಮಾತ್ರ ಮಾಡಿದರೆ ಇನ್ನೊಂದು ದೇಶಕ್ಕೆ. ಆದ್ದರಿಂದಲೇ ಹೊಣೆಯನ್ನು ಲೇಬಲಿಗೆ ಹೊಲಿಯಬೇಕು. ಬಟ್ಟೆ ತಿರುಪುರದಲ್ಲಿ ಹೊಲಿದರೂ, ಢಾಕಾದಲ್ಲಿ ಹೊಲಿದರೂ, ಕರಾಚಿಯಲ್ಲಿ ಹೊಲಿದರೂ ಲೇಬಲ್ ಅದೇ ತಾನೇ?

ಹೊಣೆ ಹೊರಿಸಿದರೆ ವ್ಯಾಪಾರ ಸಾಯುತ್ತದೆ ಎನ್ನುವವರಿಗೆ ಬಾಂಗ್ಲಾದೇಶದ ಲೆಕ್ಕ ಕೊಡುತ್ತೇನೆ. ರಾಣಾ ಪ್ಲಾಜಾ ಬಿದ್ದ ಮುಂದಿನ ತಿಂಗಳು 'ಅಕಾರ್ಡ್' ಎಂಬ ಒಪ್ಪಂದ ಆಯಿತು. ಒಂದು ಕಡೆ ಕಾರ್ಮಿಕ ಸಂಘಗಳು, ಇನ್ನೊಂದು ಕಡೆ ಕಂಪನಿಗಳು. ಇನ್ನೂರಕ್ಕೂ ಹೆಚ್ಚು ಕಂಪನಿಗಳು ಸಹಿ ಹಾಕಿದವು. ಇದು ದಾನಧರ್ಮದ ಕಾಗದವಲ್ಲ, ಕೋರ್ಟಿಗೆ ನಿಲ್ಲುವ ಕರಾರು. ಸ್ವತಂತ್ರ ಎಂಜಿನಿಯರುಗಳು ಕಟ್ಟಡ ನೋಡುತ್ತಾರೆ, ವರದಿ ಎಲ್ಲರಿಗೂ ಕಾಣುವಂತೆ ಹಾಕುತ್ತಾರೆ. ರಿಪೇರಿಗೆ ಹಣ ಹೊಂದುವ ಹಾಗೆ ಕಂಪನಿ ನೋಡಿಕೊಳ್ಳಬೇಕು. ಅಪಾಯ ಕಂಡ ಕೆಲಸದವರು ಒಳಗೆ ಹೋಗಲು ಒಪ್ಪದೇ ಇರಬಹುದು. ಮಾತಿಗೆ ತಪ್ಪಿದ ಕಂಪನಿಯನ್ನು ಸಂಘ ಪಂಚಾಯಿತಿಗೆ ಎಳೆಯಬಹುದು. ಎಳೆದೂ ಎಳೆದರು. 2018ರ ಜನವರಿಯಲ್ಲಿ ಒಂದು ಬಹುರಾಷ್ಟ್ರೀಯ ಕಂಪನಿ 23 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಆ ಹಣ 150ಕ್ಕೂ ಹೆಚ್ಚು ಕಾರ್ಖಾನೆಗಳ ರಿಪೇರಿಗೆ. ವ್ಯಾಪಾರ ಸತ್ತಿತೇ? 2012–13ರಲ್ಲಿ ಬಾಂಗ್ಲಾದೇಶದ ಬಟ್ಟೆ ರಫ್ತು ಸುಮಾರು 2,150 ಕೋಟಿ ಡಾಲರ್. 2021–22ರಲ್ಲಿ ಸುಮಾರು 4,260 ಕೋಟಿ ಡಾಲರ್. ಬಾಗಿಲು ಅಗಲ ಮಾಡಿದ್ದರಿಂದ ಯಾರೂ ಹಾಳಾಗಲಿಲ್ಲ.

ಅದು ಬಾಂಗ್ಲಾದ ಮಾತು, ನಮ್ಮಲ್ಲಿ ಆಗುವುದಿಲ್ಲ ಎನ್ನಬೇಡಿ. ನೆಗಮಂನಿಂದ ಬಹಳ ದೂರವಿಲ್ಲದ ದಿಂಡಿಗಲ್ ಜಿಲ್ಲೆಯಲ್ಲಿ ಆಗಿದೆ. 2021ರ ಜನವರಿಯಲ್ಲಿ ಅಲ್ಲಿನ ನಾಚ್ಚಿ ಅಪ್ಪಾರೆಲ್ ಎಂಬ ಬಟ್ಟೆ ಕಾರ್ಖಾನೆಯ ಒಬ್ಬ ದಲಿತ ಯುವತಿಯ ಕೊಲೆಯಾಯಿತು. ಆಪಾದನೆ ಬಂದದ್ದು ಅವಳ ಸೂಪರ್‌ವೈಸರ್ ಮೇಲೆ. ಕಾರ್ಖಾನೆ ತಿರುಪುರದ ಈಸ್ಟ್‌ಮನ್ ಎಕ್ಸ್‌ಪೋರ್ಟ್ಸ್ ಸಂಸ್ಥೆಯದ್ದು, ಬಟ್ಟೆ ಹೋಗುತ್ತಿದ್ದದ್ದು ಎಚ್ ಆಂಡ್ ಎಂನಂಥ ಕಂಪನಿಗೆ. ಒಳಗೆ ಹೆಂಗಸರಿಗೆ ಕಿರುಕುಳ ಇದೆ ಎಂದು ಹೆಂಗಸರೇ ಮುನ್ನಡೆಸುವ ಟಿಟಿಸಿಯು ಎಂಬ ಕಾರ್ಮಿಕ ಸಂಘ ದನಿ ಎತ್ತಿತು. ಒಂದು ವರ್ಷಕ್ಕೂ ಹೆಚ್ಚು ಹೋರಾಡಿ 2022ರ ಏಪ್ರಿಲ್‌ನಲ್ಲಿ 'ದಿಂಡಿಗಲ್ ಒಪ್ಪಂದ' ಮಾಡಿಸಿತು. ಎಚ್ ಆಂಡ್ ಎಂ ಸಹಿ ಹಾಕಿತು, ನಂತರ ಗ್ಯಾಪ್ ಮತ್ತು ಪಿವಿಎಚ್ ಕಂಪನಿಗಳೂ ಹಾಕಿದವು. ಕೆಲಸದ ಹೆಂಗಸರನ್ನೇ ನಿಗಾ ಇಡಲು ತರಬೇತಿ ಕೊಟ್ಟು ನೇಮಿಸಿದರು. ಕಾರ್ಖಾನೆ ಮಾತಿಗೆ ತಪ್ಪಿದರೆ ಕಂಪನಿ ಆರ್ಡರಿನ ಮೂಲಕ ಬಿಗಿ ಮಾಡಬೇಕು ಎಂದು ಕರಾರಾಯಿತು. ಅದೇ ವರ್ಷದ ಜುಲೈಯಲ್ಲಿ ಅಮೆರಿಕದ ಕಸ್ಟಮ್ಸ್ ಆ ಕಾರ್ಖಾನೆಯ ಬಟ್ಟೆಯನ್ನು ಬಂದರಿನಲ್ಲೇ ತಡೆಯಲು ಆದೇಶ ಹೊರಡಿಸಿತು. ಸೆಪ್ಟೆಂಬರಿನಲ್ಲಿ ತೆಗೆಯಿತು. ಅಂದರೆ ಏನು? ಮೇಲಿನವರು ಮನಸ್ಸು ಮಾಡಿದರೆ ಕೆಳಗಿನ ಶಾಪ್‌ಫ್ಲೋರ್ ತಿಂಗಳುಗಳಲ್ಲಿ ಬದಲಾಗುತ್ತದೆ. ಆಗುವುದಿಲ್ಲ ಎಂಬುದು ಸುಳ್ಳು. ಮನಸ್ಸು ಮಾಡಲು ಒಂದು ಹೆಣ ಬೀಳಬೇಕಾಯಿತು ಎಂಬುದು ನಾಚಿಕೆ.

ಹಾಗಾದರೆ ಎಲ್ಲ ಕಂಪನಿಗೂ ಇದನ್ನೇ ಕಡ್ಡಾಯ ಮಾಡುವ ಕಾನೂನು ಬೇಕು. ಫ್ರಾನ್ಸ್ 2017ರಲ್ಲಿ ಮಾಡಿತು, ಜರ್ಮನಿಯ ಕಾನೂನು 2023ರಲ್ಲಿ ಜಾರಿಗೆ ಬಂತು. ಯುರೋಪ್ ಒಕ್ಕೂಟ 2024ರಲ್ಲಿ ಇಡೀ ಒಕ್ಕೂಟಕ್ಕೆ ಒಂದು ಕಾನೂನು ಒಪ್ಪಿತು. ಕಂಪನಿಗಳು ಗದ್ದಲ ಮಾಡಿದವು, 2025ರಲ್ಲಿ ಅದರ ಜಾರಿಯನ್ನು ಮುಂದೂಡಿದರು. ಅಲ್ಲಿ ಮುಂದೂಡುವುದು ಒಂದು ಕಾಗದದ ತಾರೀಕು. ಇಲ್ಲಿ ಮುಂದೂಡುವುದು ಒಬ್ಬಳ ಬೆರಳು. ನಮ್ಮ ದೇಶದಲ್ಲೂ ಹಳೆಯ ಬೀಡಿ ಕಾಯ್ದೆ ಈಗ ಬೇರೆಯಾಗಿ ಇಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳೊಳಗೆ ಅದನ್ನು ಸೇರಿಸಿದ್ದಾರೆ. ಕಾಯ್ದೆಯ ಪುಸ್ತಕ ಮುಚ್ಚಲಿ, ಅದರ ಮಾತು ಮುಚ್ಚಬಾರದು. ಬೀಡಿಗೆ ಹೇಳಿದ್ದನ್ನು ಬಟ್ಟೆಗೂ, ಚಪ್ಪಲಿಗೂ, ಗೋಡಂಬಿಗೂ ಹೇಳಿ ಎಂದು ಕೇಳುವ ಹಕ್ಕು ಯಾರಿಗಾದರೂ ಇದ್ದರೆ ಅದು ಬೀಡಿ ಕಟ್ಟಿದವರ ಮಕ್ಕಳಿಗೆ.

ನಾನು ಕೇಳುವುದು ನಾಲ್ಕೇ. ಒಂದು, ಲೇಬಲಿನ ಕಂಪನಿ ತನ್ನ ಬಟ್ಟೆ ಎಲ್ಲೆಲ್ಲಿ ಹೊಲಿಯುತ್ತದೆ ಎಂದು ಕೊನೆಯ ಜಾಬ್ ವರ್ಕ್ ಗೋಡೌನಿನವರೆಗೆ ಹೆಸರು ಹಾಕಬೇಕು. ಎರಡು, ಅಲ್ಲಿ ಯಾರಿಗೆ ಗಾಯವಾದರೂ, ಕಾಂಟ್ರಾಕ್ಟರ್ ಓಡಿಹೋದರೂ, ಪರಿಹಾರ ಕಂಪನಿಯದ್ದು. ಮೂರು, ಸುರಕ್ಷತೆಯ ಖರ್ಚು ಪೀಸಿನ ಬೆಲೆಯೊಳಗೆ ಬರೆದು ಕಾಣಬೇಕು. ನಾಲ್ಕು, ತಪ್ಪು ಸಿಕ್ಕಿದ ಕೂಡಲೇ ಆರ್ಡರ್ ಕಿತ್ತುಕೊಂಡು ಓಡಬಾರದು. ನಿಂತು ಸರಿಮಾಡಿಸಬೇಕು, ದೂರು ಕೊಟ್ಟವಳ ಕೆಲಸ ಉಳಿಯಬೇಕು. ಇದರಲ್ಲಿ ಯಾವುದೂ ಹೊಸದಲ್ಲ. ಕೆಲವನ್ನು ಅಕಾರ್ಡಿನಲ್ಲಿ ಬರೆದಿದ್ದಾರೆ, ಕೆಲವನ್ನು ನಮ್ಮ ಬೀಡಿ ಕಾಯ್ದೆ 1966ರಲ್ಲೇ ಹೇಳಿತ್ತು.

ಇದು ನಮಗ್ಯಾಕೆ ಎನ್ನುವವರು ನಮ್ಮಲ್ಲಿದ್ದಾರೆ. ನಮ್ಮ ಹುಡುಗರು ದುಬೈ, ದಮ್ಮಾಮಿನ ಮಾಲ್‌ಗಳಲ್ಲಿ ಇದೇ ಲೇಬಲಿನ ಬಟ್ಟೆ ಮಡಚಿ ಇಡುತ್ತಾರೆ. ನಮ್ಮ ವ್ಯಾಪಾರಿಗಳು ಇದೇ ಮಾಲು ತರುತ್ತಾರೆ. ಸರಪಳಿಯ ಒಂದು ತುದಿ ನಮ್ಮ ಕೈಯಲ್ಲಿದೆ. ಇನ್ನೊಂದು ತುದಿಯೂ ನಮ್ಮ ಮನೆಗೆ ಬರುತ್ತಿದೆ. ಬೀಡಿ ಕೆಲಸ ಕಡಿಮೆಯಾಯಿತು. ಈಗ ಊರೂರಿನಲ್ಲಿ ಬಡ ಹೆಂಗಸರಿಗೆ ಹೊಲಿಗೆ ಮೆಷಿನ್ ಹಂಚುತ್ತೇವೆ. ಫೋಟೋ ತೆಗೆಸುತ್ತೇವೆ. ಒಳ್ಳೆಯದೇ. ಆದರೆ ಆ ಮೆಷಿನ್ನಿಗೆ ನಾಳೆ ಆರ್ಡರ್ ಕೊಡುವವರು ಯಾರು? ಕತ್ತರಿಸಿದ ಬಟ್ಟೆ ತಂದು ಕೊಟ್ಟು ಹೋಗುವ ಏಜೆಂಟ್ ಬರುತ್ತಾನೆ. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಒಂದು ಲೇಬಲ್. ಬೀಡಿಯ ಬ್ರಾಂಚೇ ಬೇರೆ ವೇಷದಲ್ಲಿ ಬರುತ್ತಿದೆ, ಈ ಸಲ ಪಾಸ್‌ಬುಕ್ ಇಲ್ಲದೆ.

ತಿರುಪುರ, ಕೊಯಮತ್ತೂರು, ದಿಂಡಿಗಲ್ ಕಡೆಯ ನೂಲಿನ ಮಿಲ್ಲುಗಳಲ್ಲಿ 'ಸುಮಂಗಲಿ' ಎಂಬ ಹೆಸರಿನ ಯೋಜನೆ ನಡೆದದ್ದನ್ನು ನೀವು ಕೇಳಿರಬಹುದು. ಬಡ ಮನೆಯ ಹುಡುಗಿಯರನ್ನು ಮೂರು ವರ್ಷ ಹಾಸ್ಟೆಲಿನಲ್ಲಿಟ್ಟು ದುಡಿಸುವುದು, ಕೊನೆಗೆ ಮದುವೆಗೆ ಎಂದು ಒಂದು ಇಡುಗಂಟು ಕೊಡುವುದು. ನಡುವೆ ಕಾಯಿಲೆಯಾಗಿ ಬಿಟ್ಟರೆ ಎಷ್ಟೋ ಮಂದಿಗೆ ಆ ಗಂಟು ಸಿಗಲಿಲ್ಲ. ಆ ನೂಲೂ ದೊಡ್ಡ ಲೇಬಲುಗಳಿಗೆ ಹೋಯಿತು ಎಂದು 2011ರಲ್ಲೇ ವರದಿಗಳು ಬಂದವು. ಮಗಳ ಮದುವೆಯ ಭಯ ಇರುವ ಮನೆಯನ್ನು ಹುಡುಕಿಕೊಂಡು ಬರುವುದು ಈ ವ್ಯಾಪಾರದ ಗುಣ. ವರದಕ್ಷಿಣೆಗೆ, ಚಿನ್ನಕ್ಕೆ ಬೀಡಿ ಕಟ್ಟಿ ಬೆರಳು ಸವೆಸಿದ ಮನೆಗಳು ನಮ್ಮದು. ನಮ್ಮ ಬಾಗಿಲಿಗೂ ಬರುತ್ತದೆ.

ಆದ್ದರಿಂದ ಜಮಾಅತಿನವರಿಗೆ, ಯುವಕರ ಸಂಘದವರಿಗೆ ನನ್ನದೊಂದು ಬೇಡಿಕೆ. ಮುಂದಿನ ಸಲ ಮೆಷಿನ್ ಹಂಚುವಾಗ ಪ್ರತಿಯೊಬ್ಬಳ ಕೈಗೆ ಒಂದು ಪುಸ್ತಕವನ್ನೂ ಕೊಡಿ. ಅಗ್ಗದ ನೋಟ್ ಪುಸ್ತಕ ಸಾಕು. ಯಾವ ದಿನ, ಯಾರು ತಂದ ಕೆಲಸ, ಎಷ್ಟು ಪೀಸು, ಎಷ್ಟು ರೂಪಾಯಿ, ಯಾವ ಲೇಬಲ್ ಎಂದು ಬರೆಯಲು ಹೇಳಿ. ಏಜೆಂಟನ ಸಹಿ ಹಾಕಿಸಲು ಹೇಳಿ. ಸಹಿ ಹಾಕದ ಏಜೆಂಟನಿಗೆ ಇಡೀ ಊರು ಬಾಗಿಲು ಹಾಕಲಿ. ಕಾನೂನು ಬರುವಾಗ ಬರಲಿ, ಅದು ಬಂದ ದಿನ ನಮ್ಮ ಹೆಂಗಸರ ಕೈ ಖಾಲಿ ಇರಬಾರದು.

ನಾನೂ ನನ್ನ ಮಟ್ಟಿಗೆ ಶುರು ಮಾಡಿದ್ದೇನೆ. ಈ ಪೆರ್ನಾಲ್‌ನ ಮಾಲಿಗೆ ಎಲ್ಲಿ ಹೊಲಿದದ್ದು ಎಂದು ಕೇಳಿದೆ. ಮೂವರು ನಕ್ಕರು. ಒಬ್ಬ ಕರೆದುಕೊಂಡು ಹೋಗಿ ತೋರಿಸಿದ. ಎರಡು ಬಾಗಿಲು ಇತ್ತು, ಸೂಜಿಗೆ ಕಂಬಿ ಇತ್ತು. ಪೀಸಿಗೆ ನಾಲ್ಕು ರೂಪಾಯಿ ಹೆಚ್ಚು ಕೇಳಿದ, ಕೊಟ್ಟೆ. ಗಿರಾಕಿಗಳಲ್ಲಿ ಕೆಲವರು ಗೊಣಗಿದರು, ಯಾರೂ ಬಿಟ್ಟು ಹೋಗಲಿಲ್ಲ. ಇದರಿಂದ ಲೋಕ ಬದಲಾಗುವುದಿಲ್ಲ ಎಂದು ನನಗೂ ಗೊತ್ತು. ನಾಲ್ಕು ರೂಪಾಯಿಯಲ್ಲಿ ಆಗುತ್ತದೆ ಎಂದು ಮಾತ್ರ ಗೊತ್ತಾಯಿತು. ನನಗೆ ಆಗುವುದು ಅವರಿಗೆ ಆಗುವುದಿಲ್ಲವೇ?

ಬರುವಾಗ ನೆಗಮಂನ ಆ ಮನೆಗೆ ಮತ್ತೆ ಹೋಗಿದ್ದೆ. ಬೆರಳು ವಾಸಿಯಾಗಿದೆ, ತುದಿ ಮಡಚುವುದಿಲ್ಲ. ಅವಳು ಮತ್ತೆ ವ್ಯಾನು ಹತ್ತುತ್ತಿದ್ದಾಳೆ, ಬೇರೆ ಕಂಪನಿ, ಬೇರೆ ಲೇಬಲ್. ಆ ಹಳೆಯ ಲಕೋಟೆ ಏನು ಮಾಡಿದೆ ಎಂದು ಕೇಳಿದೆ.

"ವಚ್ಚಿವ್ನಿ ಅಣ್ಣಾ" ಎಂದಳು. ಇಟ್ಟುಕೊಂಡಿದ್ದೇನೆ ಎಂದು.

ಇಟ್ಟುಕೊಂಡಿರಲಿ. ಉಮ್ಮನ ಪಾಸ್‌ಬುಕ್ಕನ್ನು ನಾನೂ ಇಟ್ಟುಕೊಂಡಿದ್ದೇನೆ.